ಕವಲಾಹಾರವಲ್ಲದ ಆಹಾರ: ಶಿಶುರಕ್ಷಣೆಯೂ ವ್ರತರಕ್ಷಣೆಯೂ

ಆಹಾರದ ವಿಷಯದಲ್ಲಿ ನಮ್ಮ ಪೂರ್ವಾಚಾರ್ಯರು ಮಾಡಿರುವಷ್ಟು ಸೂಕ್ಷ್ಮವಾದ ವಿವೇಚನೆ ಬೇರೆಡೆ ದೊರೆಯುವುದು ವಿರಳ. ಭಕ್ಷ್ಯ ಯಾವುದು, ಅಭಕ್ಷ್ಯ ಯಾವುದು. ಉಣ್ಣುವ ಕಾಲ ಯಾವುದು, ಉಣ್ಣಬಾರದ ಕಾಲ ಯಾವುದು. ಏಕಭುಕ್ತ, ಉಪವಾಸ, ಅವಮೌದರ್ಯ, ರಸಪರಿತ್ಯಾಗಗಳ ಕ್ರಮವೇನು ಎಂಬುದನ್ನೆಲ್ಲ ಶ್ರಾವಕಾಚಾರ ಗ್ರಂಥಗಳು ವಿಶದಪಡಿಸಿವೆ. ಆದರೆ ಈ ವಿವೇಚನೆಯೆಲ್ಲ ಬಾಯಿಂದ ಉಣ್ಣುವ, ಉಣ್ಣಲೊಲ್ಲೆನೆಂದು ಸಂಕಲ್ಪಿಸಬಲ್ಲ ಮನುಷ್ಯನನ್ನು ಕುರಿತದ್ದು. ಬಾಯಿಂದ ಉಣ್ಣಲಾರದ, ಬೇಕೆಂದೂ ಒಲ್ಲೆನೆಂದೂ ಹೇಳಲಾರದ ಹಸುಳೆಯ ರಕ್ತಕ್ಕೆ ನೇರವಾಗಿ ಆಹಾರವನ್ನು ಹರಿಸುವ ವೈದ್ಯವಿಧಾನವೊಂದು ಈಗ ನಮ್ಮ ಮನೆಗಳ ಬಾಗಿಲಿಗೂ ಬಂದಿದೆ. ವ್ರತಸ್ಥ ಕುಟುಂಬವು ಇದನ್ನು ಯಾವ ದೃಷ್ಟಿಯಿಂದ ಕಾಣಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ಈ ವಿಚಾರಕ್ಕೆ ನನ್ನನ್ನು ಎಳೆದುತಂದದ್ದು ಗ್ರಂಥವಲ್ಲ, ಒಂದು ಮನೆಯ ಸಂಕಟ. ಚಳ್ಳಕೆರೆಯಲ್ಲಿ ನನ್ನ ಸ್ನೇಹಿತರೊಬ್ಬರ ಕುಟುಂಬವಿದೆ. ಎಣ್ಣೆ ಗಿರಣಿಗಳ ಆ ಊರಿನಲ್ಲಿ ಅವರದೂ ಶೇಂಗಾ ಮತ್ತು ಎಣ್ಣೆಯ ವ್ಯಾಪಾರ. ಸ್ನೇಹಿತರು ಕಾಲವಾಗಿ ಹಲವು ವರ್ಷಗಳಾದವು. ಅವರ ಪತ್ನಿ ವ್ರತನಿಷ್ಠರು. ಅಷ್ಟಮಿ ಚತುರ್ದಶಿಗಳಂದು ಉಪವಾಸ, ಉಳಿದ ದಿನಗಳಲ್ಲಿ ಏಕಭುಕ್ತ. ಅವರ ಸೊಸೆಗೆ ಮೂವತ್ತನೆಯ ವಾರಕ್ಕೇ ಹೆರಿಗೆಯಾಯಿತು. ಮಗುವಿನ ತೂಕ 1,200 ಗ್ರಾಂ. ಊರಿನಿಂದ ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ಅದನ್ನು ಒಯ್ದರು. ಗಾಜಿನ ಪೆಟ್ಟಿಗೆಯೊಳಗೆ, ಬೆರಳಿನಷ್ಟು ದಪ್ಪದ ತೋಳಿಗೆ ಕೂದಲೆಳೆಯಂಥ ನಳಿಗೆಯನ್ನು ಸೇರಿಸಿ, ಹಗಲೂ ಇರುಳೂ ಎರಡು ದ್ರವಗಳನ್ನು ಹನಿಹನಿಯಾಗಿ ಹರಿಸಿದರು. ಒಂದು ತಿಳಿಯಾದ ದ್ರವ, ಇನ್ನೊಂದು ಹಾಲಿನಂತೆ ಬಿಳುಪು. ಆ ಬಿಳಿಯ ದ್ರವದಲ್ಲಿ ಕೋಳಿಮೊಟ್ಟೆಯ ಹಳದಿಯಿಂದ ತೆಗೆದ ಅಂಶವಿದೆಯೆಂದು ವೈದ್ಯರು ಮಗುವಿನ ತಂದೆಗೆ ತಿಳಿಸಿ ಒಪ್ಪಿಗೆ ಪಡೆದಿದ್ದರು. ತಂದೆ ಅದನ್ನು ತಾಯಿಗೆ ಹೇಳಲಿಲ್ಲ. ಹನ್ನೆರಡನೆಯ ದಿನ ಹೇಗೋ ಅವರಿಗೆ ತಿಳಿಯಿತು. ಅಂದಿನಿಂದ ಅವರು ಅನ್ನಪಾನಗಳನ್ನು ಬಿಟ್ಟು ಕುಳಿತರು.

ಮೂರನೆಯ ದಿನ ನಾನು ಹೋದಾಗ ಆ ತಾಯಿ ಕೇಳಿದ ಮಾತು ಹೀಗಿತ್ತು: “ಅಣ್ಣಾ, ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಮೊಟ್ಟೆಯ ನೆರಳೂ ಬಿದ್ದಿಲ್ಲ. ಆ ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಅದರ ರಕ್ತದೊಳಕ್ಕೇ ಅದನ್ನು ಬಿಟ್ಟರಲ್ಲ! ಬೇಡವೆಂದರೆ ನಾನು ಮೊಮ್ಮಗುವನ್ನು ಕೊಂದವಳಾಗುತ್ತೇನೆ. ಬೇಕೆಂದರೆ ವ್ರತ ಕೆಟ್ಟವಳಾಗುತ್ತೇನೆ. ನಾನು ಯಾವುದಾಗಲಿ, ನೀವೇ ಹೇಳಿ.” ತತ್‌ಕ್ಷಣ ಉತ್ತರಿಸುವ ಶಕ್ತಿ ನನಗಿರಲಿಲ್ಲ. ಅಂದು ಅವರಿಗೆ ಹೇಳಿದ ಒಂದೆರಡು ಮಾತನ್ನೂ ಅನಂತರ ಯೋಚಿಸಿ ಕಂಡುಕೊಂಡದ್ದನ್ನೂ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ವಿಧಾನದ ಪರಿಚಯ

ಜನಸಾಮಾನ್ಯರು ‘ಗ್ಲೂಕೋಸ್ ಬಾಟಲಿ’ ಎನ್ನುವುದು ಬೇರೆ, ಇದು ಬೇರೆ. ಸಾಮಾನ್ಯವಾಗಿ ಹಾಕುವ ಶೇಕಡಾ 5ರ ಗ್ಲೂಕೋಸಿನ 500 ಮಿಲಿಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಅದರಿಂದ ದೊರೆಯುವ ಶಕ್ತಿ ಸುಮಾರು 85 ಕಿಲೊ ಕ್ಯಾಲೊರಿ, ಎಂದರೆ ಒಂದು ಬಾಳೆಹಣ್ಣಿನಷ್ಟು. ಅದು ನೀರಿನ ಕೊರತೆಯನ್ನು ನೀಗಿಸುತ್ತದೆಯೇ ಹೊರತು ದೇಹವನ್ನು ಬೆಳೆಸುವುದಿಲ್ಲ. ಶಿಶುಗಳಿಗೆ ಕೊಡುವ ಪೂರ್ಣ ಪೋಷಣೆಯಲ್ಲಿ ಸಕ್ಕರೆಯ ಜೊತೆಗೆ ಸಸಾರಜನಕದ ಮೂಲಘಟಕಗಳಾದ ಅಮೈನೋ ಆಮ್ಲಗಳು, ಕೊಬ್ಬು, ಲವಣಗಳು, ವಿಟಮಿನ್‌ಗಳು ಎಲ್ಲವೂ ಇರುತ್ತವೆ. ಜೀರ್ಣಾಂಗಗಳು ಮಾಡಬೇಕಾದ ಕೆಲಸವನ್ನೆಲ್ಲ ಹೊರಗೇ ಮಾಡಿ, ಅದರ ಫಲವನ್ನು ಮಾತ್ರ ರಕ್ತಕ್ಕೆ ಒಪ್ಪಿಸುವ ಕ್ರಮವಿದು.

ಇದರ ಇತಿಹಾಸ ದೀರ್ಘವಾದದ್ದಲ್ಲ. 1944ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಎಲುಬುಗೂಡಾಗಿದ್ದ ಐದು ತಿಂಗಳ ಗಂಡುಮಗುವಿಗೆ ಐದು ದಿನ ಹೀಗೆ ಪೋಷಣೆ ಕೊಟ್ಟು, ಅದರ ಕೆನ್ನೆ ಮತ್ತೆ ತುಂಬಿಕೊಂಡದ್ದನ್ನು ವರದಿ ಮಾಡಿದರು. 1960ರ ದಶಕದಲ್ಲಿ ಸ್ಟಾನ್ಲಿ ಡುಡ್ರಿಕ್ ಎಂಬ ಶಸ್ತ್ರವೈದ್ಯರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಾಯಿಮರಿಗಳಿಗೆ ರಕ್ತನಾಳದ ಮೂಲಕವೇ ಆಹಾರ ಕೊಟ್ಟು, ಅವು ಬಾಯಿಂದ ತಿಂದ ಒಡಹುಟ್ಟಿದ ಮರಿಗಳಂತೆಯೇ ಬೆಳೆಯುವುದನ್ನು ತೋರಿಸಿದರು. 1968ರಲ್ಲಿ ಅವರೂ ಡಗ್ಲಸ್ ವಿಲ್ಮೋರ್ ಎಂಬುವರೂ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ಸಣ್ಣಕರುಳು ಬಹುಮಟ್ಟಿಗೆ ಇಲ್ಲದೆಯೇ ಹುಟ್ಟಿದ ಹೆಣ್ಣುಶಿಶುವೊಂದನ್ನು ಇದೇ ಕ್ರಮದಿಂದ ಬೆಳೆಸಿದ ವಿವರವನ್ನು ಪ್ರಕಟಿಸಿದರು. ಆ ಶಿಶು ಸುಮಾರು 22 ತಿಂಗಳು ಬದುಕಿತ್ತು. ಅದಕ್ಕೆ ಮೊದಲು ಅಂಥ ಮಕ್ಕಳು ಹಸಿವಿನಿಂದಲೇ ಸಾಯುತ್ತಿದ್ದವು. ವೈದ್ಯರು ನೋಡುತ್ತ ನಿಲ್ಲಬೇಕಾಗುತ್ತಿತ್ತು.

ಅಕಾಲದಲ್ಲಿ ಹುಟ್ಟಿದ ಕೂಸಿಗೆ ಇದು ಏಕೆ ಅಗತ್ಯವೆಂಬುದನ್ನು ಉಪವಾಸವನ್ನು ಬಲ್ಲ ನಮ್ಮ ಓದುಗರು ಬೇಗನೆ ಗ್ರಹಿಸಬಲ್ಲರು. ದೇಹದಲ್ಲಿ ಸಂಗ್ರಹವಿದ್ದವನು ಮಾತ್ರ ಉಪವಾಸವನ್ನು ತಾಳಬಲ್ಲ. ನೀರಲ್ಲದೆ ಬೇರೇನೂ ದೊರೆಯದಿದ್ದರೆ ಆರೋಗ್ಯವಂತ ವಯಸ್ಕನ ಸಂಗ್ರಹ ಎರಡು ಮೂರು ತಿಂಗಳು ಸಾಕಾಗಬಹುದೆಂದೂ, ತುಂಬುದಿನಗಳ ಶಿಶುವಿನದು ಸುಮಾರು ಒಂದು ತಿಂಗಳೆಂದೂ, ಒಂದು ಕಿಲೋ ತೂಕದ ಅಕಾಲಶಿಶುವಿನದು ನಾಲ್ಕೈದು ದಿನವೆಂದೂ ವೈದ್ಯರು ಅಂದಾಜು ಮಾಡಿದ್ದಾರೆ. ಅದರ ಕರುಳು ಇನ್ನೂ ಪಕ್ವವಾಗಿರುವುದಿಲ್ಲ. ಚೀಪಿ, ನುಂಗಿ, ಉಸಿರಾಡುವ ಮೂರು ಕ್ರಿಯೆಗಳನ್ನು ಹೊಂದಿಸಿಕೊಳ್ಳಲು ಅದಕ್ಕೆ ಬಾರದು. ತಾಯಿಯ ಹೊಕ್ಕುಳಬಳ್ಳಿಯಿಂದ ಇನ್ನೂ ಹತ್ತು ವಾರ ದೊರೆಯಬೇಕಾಗಿದ್ದದ್ದು ಥಟ್ಟನೆ ನಿಂತುಹೋಗಿರುತ್ತದೆ. ಆ ಬಳ್ಳಿಯೂ ರಕ್ತಕ್ಕೇ ಆಹಾರ ಕೊಡುತ್ತಿತ್ತೆಂಬುದನ್ನು ಮರೆಯಬಾರದು. ನಾವೆಲ್ಲರೂ ಮೊದಲ ಒಂಬತ್ತು ತಿಂಗಳು ಬಾಯಿಂದ ಉಂಡವರಲ್ಲ.

ಇದು ಆಹಾರವೇ, ಔಷಧವೇ?

ಕೆಲವರು ಸುಲಭವಾದ ಪರಿಹಾರವೊಂದನ್ನು ಹೇಳುತ್ತಾರೆ: ಬಾಯಿಗೆ ಹೋಗದ್ದು ಆಹಾರವೇ ಅಲ್ಲ, ಆದುದರಿಂದ ಭಕ್ಷ್ಯಾಭಕ್ಷ್ಯದ ಪ್ರಶ್ನೆ ಹುಟ್ಟುವುದಿಲ್ಲ. ಈ ಮಾತು ಮನಸ್ಸಿಗೆ ಹಿತವಾಗಿದೆ, ಆದರೆ ನಿಲ್ಲುವುದಿಲ್ಲ. ಆಗಮ ಪರಂಪರೆಯಲ್ಲಿ ಆಹಾರವನ್ನು ಆರು ಬಗೆಯಾಗಿ ಎಣಿಸಿದ್ದಾರೆ: ನೋಕರ್ಮಾಹಾರ, ಕರ್ಮಾಹಾರ, ಕವಲಾಹಾರ, ಲೇಪಾಹಾರ, ಓಜಾಹಾರ, ಮಾನಸಾಹಾರ. ಬಾಯಿಂದ ತುತ್ತಾಗಿ ಕೊಳ್ಳುವ ಕವಲಾಹಾರ ಇವುಗಳಲ್ಲಿ ಒಂದು ಮಾತ್ರ. ಮರಗಿಡಗಳದು ಲೇಪಾಹಾರ. ಮೊಟ್ಟೆಯೊಳಗಿನ ಮರಿಗೆ ತಾಯಿಹಕ್ಕಿಯ ಕಾವಿನಿಂದ ದೊರೆಯುವುದು ಓಜಾಹಾರ. ತುತ್ತಿಲ್ಲದೆಯೂ ಆಹಾರವಿದೆಯೆಂದು ನಮ್ಮವರು ಎಂದೋ ಒಪ್ಪಿದ್ದರು. ಗಾಜಿನ ಪೆಟ್ಟಿಗೆಯ ಕಾವಿನಲ್ಲಿ, ನಳಿಗೆಯ ಹನಿಯಲ್ಲಿ ಬೆಳೆಯುವ ಕೂಸು ಕವಲಾಹಾರಿಯಲ್ಲ. ಆದರೆ ನಿರಾಹಾರಿಯೂ ಅಲ್ಲ.

ಇನ್ನೊಂದು ಕಾರಣಕ್ಕಾಗಿಯೂ ಈ ಸುಲಭ ಪರಿಹಾರವನ್ನು ನಾವು ಒಪ್ಪಬಾರದು. ದಶಲಕ್ಷಣ ಪರ್ವದಲ್ಲಿ ಹತ್ತು ದಿನದ ಉಪವಾಸ ಹಿಡಿದವರೊಬ್ಬರು ಏಳನೆಯ ದಿನ ಬಳಲಿ, ಬಾಯಿಗೆ ಏನನ್ನೂ ಹಾಕದೆ ಬಾಟಲಿ ಏರಿಸಿಕೊಂಡು, “ನನ್ನ ಉಪವಾಸ ಪೂರ್ಣವಾಯಿತು” ಎಂದರೆ ನಾವು ಒಪ್ಪುವೆವೇ? ಒಪ್ಪಲಾರೆವು. ಅದು ಮಾಯಾಶಲ್ಯ, ಶಲ್ಯವುಳ್ಳವನು ವ್ರತಿಯಾಗಲಾರನು. ದೇಹ ಬಳಲಿದಾಗ ವ್ರತವನ್ನು ವಿನಯದಿಂದ ಬಿಟ್ಟು, ಚಿಕಿತ್ಸೆ ಪಡೆದು, ಆಲೋಚನೆ ಮಾಡಿಕೊಳ್ಳುವುದು ಲೇಸು. ಹಾಗಾದರೆ ಹಿರಿಯರ ಉಪವಾಸದಲ್ಲಿ ಬಾಟಲಿಯನ್ನು ಆಹಾರವೆಂದು ಎಣಿಸಿ, ಶಿಶುವಿನ ವಿಷಯ ಬಂದಾಗ ಅಲ್ಲವೆನ್ನುವುದು ಹೇಗೆ? ತಕ್ಕಡಿ ಒಂದೇ ಇರಬೇಕು. ಎಣ್ಣೆಯ ವ್ಯಾಪಾರಿಗೂ ಇದು ತಿಳಿದ ಮಾತು. ಆದುದರಿಂದ ಇದು ಆಹಾರವೂ ಹೌದು, ಔಷಧವೂ ಹೌದು ಎಂದು ಒಪ್ಪಿಯೇ ಮುಂದುವರಿಯೋಣ.

ಬಿಳಿಯ ಬಾಟಲಿಯ ಪ್ರಶ್ನೆ

ಎಣ್ಣೆಯೂ ನೀರೂ ಬೆರೆಯವು. ಎಣ್ಣೆಯನ್ನು ಹಾಗೆಯೇ ರಕ್ತಕ್ಕೆ ಬಿಟ್ಟರೆ ಪ್ರಾಣಾಪಾಯ. ಅದನ್ನು ರಕ್ತದ ಕೆಂಪುಕಣಕ್ಕಿಂತ ಎಷ್ಟೋ ಪಾಲು ಚಿಕ್ಕದಾದ ಹನಿಗಳಾಗಿ ಒಡೆದು, ಒಂದರೊಡನೊಂದು ಕೂಡದಂತೆ ಪ್ರತಿ ಹನಿಗೂ ತೆಳ್ಳನೆಯ ಹೊದಿಕೆ ಕೊಡಬೇಕು. ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಗೆ ಸೋಯಾದ ಲೆಸಿತಿನ್ ಸೇರಿಸಿದ ದ್ರವವೊಂದು ಮೊದಲು ಬಳಕೆಗೆ ಬಂದಿತ್ತು. ರೋಗಿಗಳಲ್ಲಿ ವಿಷಮ ಪರಿಣಾಮಗಳು ಕಂಡುಬಂದು 1960ರ ದಶಕದಲ್ಲಿ ಅದನ್ನು ಹಿಂತೆಗೆದುಕೊಂಡರು. ಸ್ವೀಡನ್ನಿನ ಆರ್ವಿದ್ ವ್ರೆಟ್ಲಿಂಡ್ ಎಂಬುವರು ಸೋಯಾ ಎಣ್ಣೆಗೆ ಮೊಟ್ಟೆಯ ಹಳದಿಯ ಫಾಸ್ಫೊಲಿಪಿಡ್ಡನ್ನು ಹೊದಿಸಿ ಇಂಟ್ರಾಲಿಪಿಡ್ ಎಂಬ ದ್ರವವನ್ನು ಸಿದ್ಧಪಡಿಸಿದರು. 1960ರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ಅದು ಸುರಕ್ಷಿತವೆನಿಸಿತು. ಇಂದಿಗೂ ಆಸ್ಪತ್ರೆಗಳಲ್ಲಿ ದೊರೆಯುವ ಇಂಥ ದ್ರವಗಳ ಹೊದಿಕೆ ಬಹುತೇಕ ಮೊಟ್ಟೆಯದೇ. ಕೆಲವು ಹೊಸ ದ್ರವಗಳಲ್ಲಿ ಮೀನೆಣ್ಣೆಯೂ ಇದೆ. ದೀರ್ಘಕಾಲದ ಪೋಷಣೆಯಿಂದ ಪಿತ್ತಜನಕಾಂಗ ಕೆಟ್ಟ ಮಕ್ಕಳಿಗೆ ಮೀನೆಣ್ಣೆಯಿಂದಲೇ ಮಾಡಿದ ದ್ರವವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಅಂಗೀಕರಿಸಿತು. ನಳಿಗೆ ಕಟ್ಟಿಕೊಳ್ಳದಿರಲೆಂದು ಬಳಸುವ ಹೆಪಾರಿನ್ ಹಂದಿಯ ಕರುಳಿನ ಒಳಪದರದಿಂದ ಬರುತ್ತದೆ. ಇವೆಲ್ಲ ಮುಚ್ಚಿಡುವ ಸಂಗತಿಗಳಲ್ಲ, ತಿಳಿದುಕೊಂಡೇ ನಿರ್ಣಯಿಸಬೇಕು.

ಪ್ರಮಾಣವನ್ನೂ ಲೆಕ್ಕ ಹಾಕಿ ನೋಡೋಣ. 1,200 ಗ್ರಾಂ ತೂಕದ ಶಿಶುವಿಗೆ ಕಿಲೋಗೆ 3 ಗ್ರಾಮಿನಂತೆ ದಿನಕ್ಕೆ 3.6 ಗ್ರಾಂ ಕೊಬ್ಬು ಬೇಕು. ಶೇಕಡಾ 20ರ ದ್ರವದಲ್ಲಿ ಅದು 18 ಮಿಲಿಲೀಟರು. ಆ ದ್ರವದ ಒಂದು ಲೀಟರಿನಲ್ಲಿ ಮೊಟ್ಟೆಯ ಅಂಶ 12 ಗ್ರಾಂ ಇರುವುದರಿಂದ ಶಿಶುವಿಗೆ ದಿನಕ್ಕೆ ಸೇರುವುದು ಕಾಲು ಗ್ರಾಮಿಗೂ ಕಡಿಮೆ. ಆದರೆ ಅಲ್ಪವೆಂಬ ಕಾರಣದಿಂದ ದೋಷವಿಲ್ಲವೆನ್ನಲಾಗದು. ಮರಿಯಾಗದ ಮೊಟ್ಟೆಯಲ್ಲಿ ಜೀವವಿಲ್ಲ, ಆದುದರಿಂದ ನಿರ್ದೋಷ ಎಂಬ ವಾದವೂ ನಮ್ಮಲ್ಲಿ ಸಲ್ಲದು. ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲೂ ಹಿಂಸೆಯಿದೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪ್ರತಿಪಾದಿಸಿದ್ದಾರೆ. ಗೂಡುಗಳಲ್ಲಿ ಕಿಕ್ಕಿರಿದ ಕೋಳಿಗಳ ಬಾಳೂ, ಆ ನಾಯಿಮರಿಗಳ ಬಾಳೂ ನಮ್ಮ ಕಣ್ಣಿನಿಂದ ಮರೆಯಾಗಬಾರದು. ಹಿಂಸೆಯ ಅಂಶ ಇಲ್ಲಿ ಇದೆ. ಅದನ್ನು ಇಲ್ಲವೆಂದು ಸಾಧಿಸುವುದಕ್ಕಿಂತ, ಇದೆಯೆಂದು ಒಪ್ಪಿ ಅದರ ತೂಕವನ್ನು ಅರಿಯುವುದೇ ಪ್ರಾಮಾಣಿಕ ಮಾರ್ಗ.

ಹಿಂಸೆಯ ತೂಕ

ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಯಶೋಧರನು ಕೊಯ್ದದ್ದು ಹಿಟ್ಟಿನ ಹುಂಜ. ಅದರಲ್ಲಿ ಪ್ರಾಣವಿರಲಿಲ್ಲ, ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ಅಲೆದರು. ಈ ಕಥೆಯಿಂದ ಕೊಲ್ಲುವ ಭಾವವೇ ಬಂಧಕ್ಕೆ ಕಾರಣವೆಂಬುದು ಸಿದ್ಧವಾಗುತ್ತದೆ. ಆದರೆ ಭಾವ ಶುದ್ಧವಾಗಿದ್ದರೆ ಏನು ಮಾಡಿದರೂ ಸರಿಯೆಂಬ ವಿಲೋಮವನ್ನು ಇದರಿಂದ ಎಳೆಯಬಾರದು. ಭಾವ ಶುದ್ಧವಾಗಿದೆಯೇ ಎಂಬುದಕ್ಕೆ ಪರೀಕ್ಷೆಗಳು ಬೇಕು. ಪ್ರಮಾದದಿಂದ, ಕಷಾಯದಿಂದ ಪ್ರಾಣಘಾತ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರಕಾರರು ಹೇಳಿದ್ದಾರಾಗಿ, ಮೂರು ಪರೀಕ್ಷೆಗಳನ್ನು ನಾನು ಸೂಚಿಸಬಯಸುತ್ತೇನೆ. ಒಂದು, ಅಲ್ಲಿ ರುಚಿಯ ಲಾಲಸೆಯಿದೆಯೇ? ಎರಡು, ನಿರ್ದೋಷವಾದ ಬೇರೆ ದಾರಿಯಿದ್ದೂ ಇದನ್ನು ಆರಿಸಿಕೊಂಡೆವೇ? ಮೂರು, ಅಗತ್ಯ ತೀರಿದ ಮೇಲೂ ಮುಂದುವರಿಸುವೆವೇ? ಶಿಶುವಿನ ವಿಷಯದಲ್ಲಿ ರುಚಿಯ ಮಾತೇ ಇಲ್ಲ. ಕೊಬ್ಬಿಲ್ಲದೆ ಸಕ್ಕರೆಯಿಂದ ಮಾತ್ರ ಸಾಕುವೆನೆಂದರೆ, ಮಿದುಳಿನ ಬೆಳವಣಿಗೆಗೆ ಬೇಕಾದ ಕೊಬ್ಬಿನ ಆಮ್ಲಗಳ ಕೊರತೆ ಕೆಲವೇ ದಿನಗಳಲ್ಲಿ ತಲೆದೋರುತ್ತದೆ. ಮೂರನೆಯದು ನಮ್ಮ ಕೈಯಲ್ಲಿದೆ.

ಎದುರಿನ ತಟ್ಟೆಯಲ್ಲಿ ಏನಿದೆ? ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಾವು ಪಾಠದಲ್ಲಿ ಒಪ್ಪಿಸುತ್ತೇವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಡೆಯದನ್ನು ಗಮನಿಸಬೇಕು. ತನ್ನನ್ನು ಆಶ್ರಯಿಸಿದ ಜೀವಕ್ಕೆ ಅನ್ನಪಾನಗಳನ್ನು ತಡೆಯುವುದು ಆಹಾರಶುದ್ಧಿಯ ಲಕ್ಷಣವಲ್ಲ, ಅಹಿಂಸಾವ್ರತದ ಕಲಂಕ. ಕಟ್ಟಿದ ಎತ್ತಿಗೂ ಇದು ಅನ್ವಯಿಸುವುದಾದರೆ ಮನೆಯ ಕೂಸಿಗೆ ಅನ್ವಯಿಸದೇ? ಉಪವಾಸಕ್ಕೂ ಅನ್ನಪಾನನಿರೋಧಕ್ಕೂ ಹೊರನೋಟಕ್ಕೆ ಭೇದವಿಲ್ಲ. ಎರಡರಲ್ಲೂ ಹೊಟ್ಟೆ ಬರಿದು. ತಾನಾಗಿ ಬಿಟ್ಟರೆ ತಪಸ್ಸು, ಇನ್ನೊಬ್ಬರಿಂದ ಬಿಡಿಸಿದರೆ ಹಿಂಸೆ. ಈ ಒಂದು ಭೇದದ ಮೇಲೆಯೇ ನಮ್ಮ ಉಪವಾಸದ ಗೌರವವೆಲ್ಲ ನಿಂತಿದೆ.

ಯಾರ ವ್ರತ?

ವ್ರತವನ್ನು ಕೊಳ್ಳುವವನಿಗೆ ಅರಿವಿರಬೇಕು, ಇಚ್ಛೆಯಿರಬೇಕು. ಎಂಟು ವರ್ಷ ತುಂಬುವ ಮೊದಲು ವ್ರತಗ್ರಹಣದ ಯೋಗ್ಯತೆಯಿಲ್ಲವೆಂಬುದು ನಮ್ಮ ಸಂಪ್ರದಾಯ. ಅಲ್ಲಿಯವರೆಗೆ ಮಗುವಿನ ಅಷ್ಟಮೂಲಗುಣಗಳನ್ನು ಕಾಯುವ ಹೊಣೆ ತಂದೆತಾಯಿಗಳದು. ಕಾಯುವವನು ಒಡೆಯನಲ್ಲ. ನಮ್ಮ ವ್ರತದ ಬೆಲೆಯನ್ನು ನಾವು ನಮ್ಮ ದೇಹದಿಂದ ತೆರಬಹುದು. ಮಗುವಿನ ದೇಹದಿಂದ ತೆರಲು ನಮಗೆ ಅಧಿಕಾರವಿಲ್ಲ. ರಾತ್ರಿಭೋಜನದ ಪ್ರಶ್ನೆಯೂ ಇದರಲ್ಲಿಯೇ ಅಡಗಿದೆ. ನಡುರಾತ್ರಿ ಅತ್ತ ಕೂಸಿಗೆ ತಾಯಿ ಮೊಲೆಯೂಡುವುದನ್ನು ಯಾವ ವ್ರತಿಯೂ ಆಕ್ಷೇಪಿಸಲಿಲ್ಲ. ಇರುಳಿಡೀ ಹರಿಯುವ ನಳಿಗೆಯೂ ಅಂಥದೇ.

ಮಹಾವ್ರತಿಗಳ ವಿಷಯದಲ್ಲಿಯೇ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಬಾಲ, ವೃದ್ಧ, ಶ್ರಾಂತ, ಗ್ಲಾನರಾದ ಮುನಿಗಳು ಮೂಲಚ್ಛೇದವಾಗದಂತೆ ತಮ್ಮ ಶಕ್ತಿಗೆ ಯೋಗ್ಯವಾದ ಚರ್ಯೆಯನ್ನು ನಡೆಸಲೆಂದು ಉಪದೇಶಿಸಿದ್ದಾರೆ. ಉತ್ಸರ್ಗಕ್ಕೂ ಅಪವಾದಕ್ಕೂ ಮೈತ್ರಿಯಿರಬೇಕೆಂದು ಟೀಕಾಕಾರರು ಅದನ್ನು ವಿವರಿಸಿದರು. ಇಲ್ಲಿ ಮೂಲ ಯಾವುದು? ಅಹಿಂಸೆಯೇ ಮೂಲ. ಮೊಟ್ಟೆಯ ತ್ಯಾಗ ಆ ಬೇರಿನಿಂದ ಹೊರಟ ಕೊಂಬೆ. ಕೊಂಬೆ ಬಾಡೀತೆಂದು ಬೇರನ್ನು ಕಡಿಯುವವನು ಮರವನ್ನು ಉಳಿಸಿದವನಲ್ಲ. ಹಾಗೆಂದು ಕೊಂಬೆ ಬಾಡಿದ್ದೇ ಇಲ್ಲವೆನ್ನುವವನೂ ತೋಟಗಾರನಲ್ಲ. ದೋಷ ತಟ್ಟಿದೆ; ಅದು ಒಪ್ಪಿದ ಹಿರಿಯರಿಗೆ ಸೇರಿದ್ದು, ಅರಿಯದ ಕೂಸಿಗಲ್ಲ. ಅದಕ್ಕೆ ಆಲೋಚನೆ, ಪ್ರಾಯಶ್ಚಿತ್ತಗಳಿವೆ. ಸತ್ತ ಕೂಸಿಗೆ ಯಾವ ಪ್ರಾಯಶ್ಚಿತ್ತವೂ ತಲಪದು.

ಆ ತಾಯಿಗೆ ನಾನು ಅಂದು ಹೇಳಿದ್ದು ಇಷ್ಟೇ: “ಅಕ್ಕನವರೇ, ನೀವು ಕೂಸನ್ನು ಕೊಂದವರೂ ಅಲ್ಲ, ವ್ರತ ಕೆಟ್ಟವರೂ ಅಲ್ಲ. ನಿಮ್ಮನ್ನು ಕೇಳದೆ ನಡೆದದ್ದು ನಿಮ್ಮ ಕೃತವಲ್ಲ, ಕಾರಿತವಲ್ಲ. ಕೂಸು ಬದುಕಲೆಂಬುದಷ್ಟೇ ನಿಮ್ಮ ಅನುಮೋದನೆ. ಆದರೆ ನಿಮ್ಮ ಮಗ ನಿಮಗೆ ಹೇಳಬೇಕಾಗಿತ್ತು.” ಈ ಕಡೆಯ ಮಾತನ್ನು ಮಗನ ಮುಂದೆಯೇ ಹೇಳಿದೆ. ನಮ್ಮ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಬರೆಯಿಸಿದ ಶಾಸನದಲ್ಲಿ ತಂದೆತಾಯಿಗಳಿಗೆ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯದ ನುಡಿ ಈ ಮೂರೂ ಒಟ್ಟಿಗೇ ಬರುತ್ತವೆ. ದಯೆಗಾಗಿ ಸತ್ಯವನ್ನು ಮರೆಮಾಚಿದ ಮನೆಯಲ್ಲಿ ದಯೆಯೂ ಸಂಶಯಕ್ಕೆ ಗುರಿಯಾಗುತ್ತದೆ. ಆ ತಾಯಿ ಅನ್ನಬಿಟ್ಟದ್ದು ಮೊಟ್ಟೆಗಾಗಿ ಎಷ್ಟೋ, ತನ್ನನ್ನು ಹೊರಗಿಟ್ಟರೆಂಬುದಕ್ಕಾಗಿಯೂ ಅಷ್ಟೇ.

ನಿಲ್ಲಿಸುವ ಕಾಲ

ಅಪವಾದಕ್ಕೆ ಕೊನೆಯಿರಬೇಕು ಎಂದೆ. ವೈದ್ಯಶಾಸ್ತ್ರದ ನಿಯಮವೂ ಹಾಗೆಯೇ ಇದೆ. ನಳಿಗೆಯ ದಾರಿಯಲ್ಲಿ ರಕ್ತಕ್ಕೆ ಸೋಂಕು ತಗಲಬಹುದು. ವಾರಗಟ್ಟಲೆ ನಡೆದರೆ ಪಿತ್ತಜನಕಾಂಗ ಕೆಡಬಹುದು. ಬಳಸದ ಕರುಳು ಸೊರಗುತ್ತದೆ. ಆದುದರಿಂದ ಮೊದಲ ದಿನಗಳಿಂದಲೇ ತಾಯಿಹಾಲನ್ನು ಹನಿಹನಿಯಾಗಿ ಕೊಟ್ಟು, ಕಿಲೋಗೆ ದಿನಕ್ಕೆ 100 ಮಿಲಿಲೀಟರಿನಷ್ಟು ಹಾಲು ಜೀರ್ಣವಾಗತೊಡಗಿದಾಗ ರಕ್ತನಾಳದ ಪೋಷಣೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತಾರೆ. ತಾಯಿಗೆ ಹಾಲು ಸಾಲದಿದ್ದರೆ ದಾನದ ಹಾಲೂ ಉಂಟು. 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಇಂಥ ಹಾಲಿನ ಬ್ಯಾಂಕು ಮೊದಲಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಆರಂಭವಾಯಿತು. ನಮ್ಮ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರಕ್ಕೂ ಆ ಆಸ್ಪತ್ರೆಗೂ ಒಬ್ಬ ಮಹಾರಾಣಿಯ ಹೆಸರೇ ಇರುವುದು ನಮಗೆ ಆಪ್ತವಾದ ಸಂಗತಿ. ಹಾಲೂಡುವ ತಾಯಂದಿರು ತಮ್ಮ ಹೆಚ್ಚಿನ ಹಾಲನ್ನು ಕೊಡುವುದು ಆಹಾರದಾನ, ಔಷಧದಾನ, ಅಭಯದಾನಗಳು ಮೂರೂ ಒಂದಾದ ದಾನ.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 2016ರಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಕೆನಡಾಗಳ ಮೂರು ಆಸ್ಪತ್ರೆಗಳ ವೈದ್ಯರು ತೀವ್ರ ನಿಗಾ ಘಟಕದಲ್ಲಿದ್ದ 1,440 ಮಕ್ಕಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ರಕ್ತನಾಳದ ಪೋಷಣೆಯನ್ನು ಮೊದಲ ದಿನವೇ ಕೊಟ್ಟವರಲ್ಲಿ ಶೇಕಡಾ 18.5 ಮಕ್ಕಳಿಗೆ ಹೊಸ ಸೋಂಕು ತಗಲಿತು. ಒಂದು ವಾರ ತಡೆದವರಲ್ಲಿ ಶೇಕಡಾ 10.7 ಮಕ್ಕಳಿಗೆ ಮಾತ್ರ. ಇದನ್ನು ಓದಿ “ಉಪವಾಸವೇ ಔಷಧ” ಎಂದು ಸಂತೋಷಪಡುವವರು ನಮ್ಮಲ್ಲಿ ಇದ್ದಾರು. ಅವಸರ ಬೇಡ. ಆ ಮಕ್ಕಳಿಗೂ ಗ್ಲೂಕೋಸ್, ವಿಟಮಿನ್, ಲವಣಗಳು ಸಲ್ಲುತ್ತಿದ್ದವು. ಸಾಧ್ಯವಾದಷ್ಟು ಹೊಟ್ಟೆಯ ಮೂಲಕ ಆಹಾರವೂ ಸಲ್ಲುತ್ತಿತ್ತು. ಅಕಾಲದಲ್ಲಿ ಹುಟ್ಟಿದ ಶಿಶುಗಳು ಅವರಲ್ಲಿರಲಿಲ್ಲ. ಯಾವಾಗ ಕೊಡಬೇಕು, ಯಾವಾಗ ತಡೆಯಬೇಕು ಎಂಬುದು ಆಯಾ ಮಗುವಿನ ಸ್ಥಿತಿಯನ್ನು ಬಲ್ಲ ವೈದ್ಯರ ವಿವೇಕಕ್ಕೆ ಸೇರಿದ್ದು. ದೀರ್ಘ ಉಪವಾಸದ ಪಾರಣೆಯನ್ನು ಹಗುರವಾಗಿ ಆರಂಭಿಸಬೇಕೆಂಬ ನಮ್ಮ ಹಿರಿಯರ ಕ್ರಮಕ್ಕೂ ಇಲ್ಲಿ ಸಮರ್ಥನೆಯಿದೆ. ಬಹುಕಾಲ ಬರಿದಾಗಿದ್ದ ದೇಹಕ್ಕೆ ಒಮ್ಮೆಗೇ ಪೂರ್ಣ ಆಹಾರ ಕೊಟ್ಟರೆ ರಕ್ತದಲ್ಲಿನ ರಂಜಕದ ಲವಣ ಕುಸಿದು ಪ್ರಾಣಕ್ಕೇ ಅಪಾಯವೆಂದು ವೈದ್ಯರೂ ಹೇಳುತ್ತಾರೆ.

ಇನ್ನು, ಯಾವ ಚಿಕಿತ್ಸೆಯೂ ಫಲಿಸದ ಸಂದರ್ಭ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪಸರ್ಗ, ದುರ್ಭಿಕ್ಷ, ಜರೆ, ರುಜೆಗಳು ನಿಷ್ಪ್ರತೀಕಾರವಾದಾಗ ಮಾತ್ರ ಸಲ್ಲೇಖನೆಯನ್ನು ವಿಧಿಸಿದ್ದಾರೆ. ‘ನಿಷ್ಪ್ರತೀಕಾರ’ ಎಂಬ ಆ ಒಂದು ಪದವೇ ಈ ಪ್ರಶ್ನೆಯ ಕೀಲಿಕೈ. ಹಿಂದೆ ಕರುಳಿಲ್ಲದ ಶಿಶುವಿನ ರೋಗಕ್ಕೆ ಪ್ರತೀಕಾರವಿರಲಿಲ್ಲ. ಇಂದು ಎಷ್ಟೋ ಸಂದರ್ಭಗಳಲ್ಲಿ ಇದೆ. ಪ್ರತೀಕಾರವಿರುವಲ್ಲಿ ಸಲ್ಲೇಖನೆಯ ಮಾತು ಸಲ್ಲದು. ಪ್ರತೀಕಾರವಿಲ್ಲದಿರುವಲ್ಲಿಯೂ ಶಿಶುವಿಗೆ ಸಲ್ಲೇಖನೆಯಿಲ್ಲ. ಏಕೆಂದರೆ ಅದು ಸ್ವೇಚ್ಛೆಯಿಂದ, ಅರಿವಿನಿಂದ ಕೊಳ್ಳುವ ವ್ರತ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನೆಯನ್ನು ಆತ್ಮಹತ್ಯೆಗೆ ಸಮಾನವೆಂದಾಗ, ಇದು ಸ್ವಂತ ಇಚ್ಛೆಯ ವ್ರತವೆಂದೇ ನಾವೆಲ್ಲ ವಾದಿಸಿದೆವು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಇಚ್ಛೆಯನ್ನೇ ತಿಳಿಸಲಾರದ ಮಗುವಿಗೆ ಆ ಪವಿತ್ರ ಹೆಸರನ್ನು ಹಚ್ಚಿದರೆ ನಮ್ಮ ವಾದವನ್ನು ನಾವೇ ಅಲ್ಲಗಳೆದಂತೆ.

ಹಾಗಾದರೆ ಗುಣವಾಗುವ ಆಸೆ ಸಂಪೂರ್ಣ ಹೋದಾಗಲೂ ಕೂಸನ್ನು ಸೂಜಿ ನಳಿಗೆಗಳಲ್ಲಿ ಹಿಡಿದಿಡಲೇಬೇಕೆ? ಹಾಗೆಂದು ನಾನು ಹೇಳಲಾರೆ. ಹಿತವಿಲ್ಲದ ನೋವನ್ನು ಮುಂದುವರಿಸುವುದೂ ಮೋಹವೇ. ಜೀವ ಹಿಡಿದಿಡುವ ಚಿಕಿತ್ಸೆಯನ್ನು ವೈದ್ಯಮಂಡಲಿಗಳ ಅಭಿಪ್ರಾಯದ ಮೇಲೆ ನಿಲ್ಲಿಸುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತಿಳಿಸಿ, 2023ರಲ್ಲಿ ಸರಳಗೊಳಿಸಿದೆ. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಅದರಂತೆ ಸುತ್ತೋಲೆ ಹೊರಡಿಸಿತು. ಅಂಥ ನಿರ್ಣಯಕ್ಕೆ ಕಾರಣ ಮಗುವಿನ ನೋವಾಗಿರಬೇಕು. ನಮ್ಮ ವ್ರತದ ಕಲಂಕವೆಂದಿಗೂ ಆಗಿರಬಾರದು. ಕಾರಣ ಶುದ್ಧವಾಗಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಆ ಬಾಟಲಿಯಲ್ಲಿ ಮೊಟ್ಟೆಯ ಅಂಶವೇ ಇಲ್ಲದಿದ್ದರೂ ಇದೇ ನಿರ್ಣಯ ಮಾಡುತ್ತಿದ್ದೆವೇ?

ಮನೆಮಂದಿಗೆ ಕೆಲವು ಸೂಚನೆಗಳು

ಇಂಥ ಸಂದರ್ಭ ಬಂದವರು ತಮ್ಮ ಆಚಾರವನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು. ಮೀನೆಣ್ಣೆಯಿಲ್ಲದ ದ್ರವ ಸಾಕಾಗುವುದೇ, ಹೆಪಾರಿನ್ನಿನ ಬದಲು ಲವಣಜಲದಿಂದ ನಳಿಗೆಯನ್ನು ಕಾಯಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆಗದೆಂದರೆ ಹಠ ಹಿಡಿಯಬಾರದು. ಹರಿಯುವ ದ್ರವವನ್ನು ತಾವಾಗಿ ನಿಲ್ಲಿಸಬಾರದು. ಸಕ್ಕರೆ ಒಮ್ಮೆಗೇ ಇಳಿದರೆ ಮಗುವಿನ ಮಿದುಳಿಗೆ ಪೆಟ್ಟು. ಹಾಲೂಡಬೇಕಾದ ತಾಯಿ ಹರಕೆಯೆಂದು ಕಠಿಣ ಉಪವಾಸ ಕೂಡುವುದು ಶಕ್ತಿತಸ್ತಪವಲ್ಲ. ಅವಳ ಹಾಲೇ ಆ ಬಿಳಿಯ ಬಾಟಲಿಯಿಂದ ಕೂಸನ್ನು ಬಿಡಿಸುವ ದಾರಿ. ಪ್ರಾಯಶ್ಚಿತ್ತವನ್ನು ಮಾಡಬಯಸುವವರು ಅಜ್ಜಅಜ್ಜಿಯರಾಗಲಿ, ತಂದೆಯಾಗಲಿ. ಅದೂ ಮಗು ಮನೆಗೆ ಬಂದ ಮೇಲೆ, ಗುರುಗಳನ್ನು ಕೇಳಿ.

ಚಳ್ಳಕೆರೆಯ ಆ ಕೂಸು ಇಪ್ಪತ್ತಾರನೆಯ ದಿನ ನಳಿಗೆಯಿಂದ ಬಿಡುಗಡೆಯಾಯಿತು. ಅದೇ ಕೋಣೆಯ ಪಕ್ಕದ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಕೂಸು ಇದೇ ಚಿಕಿತ್ಸೆ ಪಡೆದೂ ಉಳಿಯಲಿಲ್ಲ. ಎರಡು ಮನೆಯವರೂ ಮಾಡಿದ ನಿರ್ಣಯ ಒಂದೇ. ಒಂದು ಉಳಿಯಿತೆಂದು ಅದು ಧರ್ಮವಾಗಲಿಲ್ಲ, ಇನ್ನೊಂದು ಹೋಯಿತೆಂದು ಅಧರ್ಮವಾಗಲಿಲ್ಲ. ಆಯುಷ್ಯ ನಮ್ಮ ಕೈಯಲ್ಲಿಲ್ಲ. ಅನ್ನಪಾನಗಳನ್ನು ತಡೆಯದಿರುವುದು ನಮ್ಮ ಕೈಯಲ್ಲಿದೆ.

ಆ ತಾಯಿ ಅಂದು ಸಂಜೆಯೊಳಗೆ ಪಾರಣೆ ಮಾಡಿದರು. ಮಗನು ತಂದಿತ್ತ ಹೆಸರುಬೇಳೆಯ ತಿಳಿಯನ್ನು ಕುಡಿದು, ತಮ್ಮ ಆಲೋಚನೆಗಾಗಿ ಮುಂದಿನ ಚತುರ್ದಶಿಯನ್ನು ಕಾದಿರಿಸಿಕೊಂಡರು. ದೋಷವಿಲ್ಲವೆಂದು ಅವರು ತಮ್ಮನ್ನು ತಾವು ಸಮಾಧಾನಪಡಿಸಿಕೊಳ್ಳಲಿಲ್ಲ. ದೋಷಕ್ಕೆ ಹೆದರಿ ಕೂಸಿನಿಂದ ದೂರವಾಗಲೂ ಇಲ್ಲ. ವ್ರತವನ್ನು ಹೊತ್ತ ಮನಸ್ಸು ಇವೆರಡರ ನಡುವೆ ನಡೆಯಬೇಕಾದ ದಾರಿ ಇದೇ ಇದ್ದೀತೆಂದು ನನಗೆ ತೋರುತ್ತದೆ. ಬಲ್ಲವರು ಇನ್ನೂ ಚಿಂತಿಸಿ, ದೋಷವಿದ್ದರೆ ತಿದ್ದಬೇಕಾಗಿ ವಿಜ್ಞಾಪನೆ.